ಮುಖಕ್ಕೆ ಮರ್ಯಾದೆ ಕೊಟ್ಟ ಕ್ಯಾಮೆರಾ: ಟಿ.ಎಸ್. ಸತ್ಯನ್



ನಮ್ಮ ಗೋಡೆ ಪತ್ರಿಕೆಯ ಸಾಧಕರ ಪರಿಚಯದಲ್ಲಿ ಕವಿಗಳು, ವಿಜ್ಞಾನಿಗಳು, ಸ್ವಾತಂತ್ರ್ಯ ಹೋರಾಟಗಾರರು ಬಂದು ಹೋಗಿದ್ದಾರೆ. ಈ ಸಲ ಫೋಟೋ ತೆಗೆಯುವುದನ್ನೇ ಬದುಕು ಮಾಡಿಕೊಂಡ ಒಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಅವರೇ ಮೈಸೂರಿನ ಟಿ.ಎಸ್. ಸತ್ಯನ್. ಅವರು ತೀರಿಕೊಂಡು ಹದಿನೈದು ವರ್ಷಕ್ಕೂ ಮೇಲಾಯಿತು. ಆಗ ನಮ್ಮಲ್ಲಿ ಬಹಳ ಜನ ಹುಟ್ಟಿರಲೇ ಇಲ್ಲ. ಆದರೂ ಅವರ ಕೆಲಸ ನಮ್ಮ ಮನೆ ಗೋಡೆಯ ಮೇಲಿರುವ ಫೋಟೋದವರೆಗೂ ಬಂದು ಮುಟ್ಟುತ್ತದೆ. ಅದು ಹೇಗೆ ಅಂತ ಮುಂದೆ ಓದಿ.

ಮೊದಲು ಸ್ವಲ್ಪ ಹಿಂದಿನ ಕಥೆ. ಫೋಟೋ ತೆಗೆಯುವ ವಿದ್ಯೆ 1839ರಲ್ಲಿ ಫ್ರಾನ್ಸ್ ದೇಶದಲ್ಲಿ ಲೋಕಕ್ಕೆ ಪ್ರಕಟವಾಯಿತು. ಬಹಳ ತಡವಾಗದೆ ಅದು ಹಡಗು ಹತ್ತಿ ಕಲ್ಕತ್ತೆಗೂ ಬಂತು. ಆಗ ಒಂದು ಚಿತ್ರ ಮೂಡಬೇಕಾದರೆ ಎಷ್ಟೋ ಹೊತ್ತು ಅಲ್ಲಾಡದೆ ಕೂರಬೇಕಿತ್ತು. ತಲೆ ಅಲ್ಲಾಡಬಾರದು ಅಂತ ಹಿಂದಿನಿಂದ ಕಬ್ಬಿಣದ ಆಸರೆ ಕೊಡುತ್ತಿದ್ದರು! ಹಳೇ ಫೋಟೋಗಳಲ್ಲಿ ಯಾರೂ ನಗದೆ ಬಿಗಿದುಕೊಂಡು ಕೂತಿರುವುದಕ್ಕೆ ಇದೂ ಒಂದು ಕಾರಣ. ಖರ್ಚೂ ಜಾಸ್ತಿ. ಹಾಗಾಗಿ ಮುಖದ ಫೋಟೋ ಅಂದರೆ ರಾಜರು, ದಿವಾನರು, ದೊರೆಗಳು, ಜಮೀನ್ದಾರರು ಇಂಥವರದ್ದೇ ಆಗಿತ್ತು. ಹೈದರಾಬಾದ್ ನಿಜಾಮರ ಬಳಿ ಲಾಲಾ ದೀನ್ ದಯಾಳ್ ಎಂಬ ದೊಡ್ಡ ಛಾಯಾಗ್ರಾಹಕರಿದ್ದರು. ಪರದೆಯೊಳಗಿನ ಹೆಂಗಸರ ಫೋಟೋ ತೆಗೆಯಲು ಅವರು 1892ರಲ್ಲಿ ಬೇರೆಯೇ ಒಂದು ಸ್ಟುಡಿಯೋ ತೆರೆದು, ಅದನ್ನು ಹೆಂಗಸೊಬ್ಬರ ಕೈಗೆ ಒಪ್ಪಿಸಿದ್ದರು. ಆದರೆ ಅಲ್ಲಿಗೆ ಹೋಗುತ್ತಿದ್ದವರೂ ದೊಡ್ಡ ಮನೆತನದವರೇ. ಗದ್ದೆ ನಾಟಿ ಮಾಡುವವಳ ಮುಖ, ಸೌದೆ ಹೊರುವವನ ಮುಖ ಯಾರಿಗೆ ಬೇಕಿತ್ತು?

ಇಂಥ ಪ್ರಶ್ನೆಗೆ ಕ್ಯಾಮೆರಾದಿಂದಲೇ ಉತ್ತರ ಕೊಟ್ಟವರಲ್ಲಿ ಸತ್ಯನ್ ಒಬ್ಬರು.

ಅವರು ಹುಟ್ಟಿದ್ದು 1923ರ ಡಿಸೆಂಬರ್ 18ರಂದು, ಮೈಸೂರಿನಲ್ಲಿ. ಪೂರ್ತಿ ಹೆಸರು ತಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನಾರಾಯಣ ಅಯ್ಯರ್. ಅಷ್ಟುದ್ದದ ಹೆಸರು ಪತ್ರಿಕೆಯಲ್ಲಿ ಫೋಟೋದ ಕೆಳಗೆ ಹಿಡಿಸುವುದು ಕಷ್ಟ ಅಲ್ವಾ! ನಾಡಿಗೆಲ್ಲಾ ಅವರು ಬರೀ ಸತ್ಯನ್ ಆದರು. ಓದಿದ್ದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. ಓದುವ ದಿನಗಳಲ್ಲೇ ಅವರಿಗೆ ಕ್ಯಾಮೆರಾದ ಹುಚ್ಚು ಹತ್ತಿತ್ತು.

ಆಗಿನ ಕಾಲದಲ್ಲಿ ಫೋಟೋ ತೆಗೆದು ಹೊಟ್ಟೆ ಹೊರೆಯುವುದು ಅಂದರೆ ಪೇಟೆಯಲ್ಲಿ ಒಂದು ಸ್ಟುಡಿಯೋ ಇಟ್ಟುಕೊಳ್ಳುವುದು ಅಂತಲೇ ಲೆಕ್ಕ. ಹಿಂದೆ ಬಣ್ಣ ಬಳಿದ ಪರದೆ, ಮುಂದೆ ಒಂದು ಕುರ್ಚಿ, ಪಕ್ಕದಲ್ಲಿ ಹೂದಾನಿ. ಸತ್ಯನ್ ಆ ದಾರಿ ಹಿಡಿಯಲಿಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಎಂಬ ಇಂಗ್ಲಿಷ್ ಪತ್ರಿಕೆ ಶುರುವಾಯಿತು. ಅದೇ ವರ್ಷ ಅವರು ಅಲ್ಲಿ ಛಾಯಾಗ್ರಾಹಕರಾಗಿ ಸೇರಿದರು. ಅಲ್ಲಿಂದ ಮುಂಬೈಗೆ ಹೋಗಿ ಇಲ್ಲಸ್ಟ್ರೇಟೆಡ್ ವೀಕ್ಲಿ ಎಂಬ ವಾರಪತ್ರಿಕೆಗೆ ಕೆಲಸ ಮಾಡಿದರು. ಆ ಪತ್ರಿಕೆ ಈಗ ನಿಂತುಹೋಗಿದೆ, ಆದರೆ ಒಂದು ಕಾಲಕ್ಕೆ ದೇಶದಲ್ಲೆಲ್ಲಾ ಅದರ ಚಿತ್ರಗಳನ್ನು ನೋಡಲು ಜನ ಕಾಯುತ್ತಿದ್ದರು.

ಕೆಲವು ವರ್ಷ ಕಳೆದ ಮೇಲೆ ಸತ್ಯನ್ ಒಂದು ಧೈರ್ಯದ ಕೆಲಸ ಮಾಡಿದರು. ತಿಂಗಳು ತಿಂಗಳು ಸಂಬಳ ಬರುವ ನೌಕರಿ ಬಿಟ್ಟು ಸ್ವತಂತ್ರವಾಗಿ ಫೋಟೋ ತೆಗೆಯಲು ಹೊರಟರು. ಚಿತ್ರ ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ರೀಲಿನ ಖರ್ಚು, ರೈಲಿನ ಖರ್ಚು ಎಲ್ಲ ಕೈಯಿಂದಲೇ. ಮಳೆ ನಂಬಿಕೊಂಡು ಕಾಫಿ ಬೆಳೆಯುವ ನಮ್ಮ ಸಕಲೇಶಪುರ, ಆಲೂರು ಕಡೆಯವರಿಗೆ ಇಂಥ ಬದುಕಿನ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವರ ಶ್ರಮ ಹಾಳಾಗಲಿಲ್ಲ. ನ್ಯೂಯಾರ್ಕಿನ ಬ್ಲ್ಯಾಕ್ ಸ್ಟಾರ್ ಎಂಬ ಸಂಸ್ಥೆಯ ಮೂಲಕ ಅವರ ಚಿತ್ರಗಳು ಲೈಫ್, ಟೈಮ್, ನ್ಯೂಸ್‌ವೀಕ್ ಮುಂತಾದ ಹೊರದೇಶದ ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಬಂದವು.

ಇಲ್ಲಿ ಆ ಕಾಲದ ಕ್ಯಾಮೆರಾ ಬಗ್ಗೆ ಒಂದು ಮಾತು ಹೇಳಬೇಕು. ಆಗಿನ ಪತ್ರಿಕಾ ಛಾಯಾಗ್ರಾಹಕರು ಬಹಳವಾಗಿ ಬಳಸುತ್ತಿದ್ದದ್ದು ರೋಲಿಫ್ಲೆಕ್ಸ್ ಥರದ ಕ್ಯಾಮೆರಾ. ಅದಕ್ಕೆ ಒಂದರ ಮೇಲೊಂದು ಎರಡು ಲೆನ್ಸು. ಮೇಲಿನದ್ದು ನೋಡುವುದಕ್ಕೆ, ಕೆಳಗಿನದ್ದು ಚಿತ್ರ ತೆಗೆಯುವುದಕ್ಕೆ. ಕ್ಯಾಮೆರಾವನ್ನು ಎದೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಅದರ ಮೇಲ್ಭಾಗದ ಗಾಜಿನಲ್ಲಿ ಮೂಡುವ ಬಿಂಬ ನೋಡಬೇಕು. ಆ ಬಿಂಬದಲ್ಲಿ ಎಡ ಬಲ ಅದಲು ಬದಲು! ಒಂದು ರೀಲಿಗೆ ಹನ್ನೆರಡೇ ಚಿತ್ರ. ಈಗ ಮೊಬೈಲಿನಲ್ಲಿ ನಾವು ಒಂದೇ ನಿಮಿಷಕ್ಕೆ ಹನ್ನೆರಡು ಸೆಲ್ಫಿ ತೆಗೆದು ಹನ್ನೊಂದನ್ನು ಅಳಿಸಿಬಿಡುತ್ತೇವೆ. ಅವರಿಗೆ ಹಾಗೆ ಆಗುತ್ತಿರಲಿಲ್ಲ. ಕಾಯಬೇಕಿತ್ತು, ಎದುರಿನವರ ಮುಖವನ್ನು ಸರಿಯಾಗಿ ನೋಡಬೇಕಿತ್ತು. ಇನ್ನೂ ಒಂದು ಚೆಂದ ಏನೆಂದರೆ, ಎದೆ ಮಟ್ಟದ ಕ್ಯಾಮೆರಾ ಮಗುವಿನ ಕಣ್ಣಿನ ಮಟ್ಟಕ್ಕೆ ಹತ್ತಿರ ಬರುತ್ತದೆ. ದೊಡ್ಡವರು ಮೇಲಿಂದ ಕೆಳಗೆ ನೋಡಿದ ಹಾಗೆ ಅದು ಮಗುವನ್ನು ನೋಡುವುದಿಲ್ಲ.

ಸತ್ಯನ್ ದೊಡ್ಡವರ ಚಿತ್ರ ತೆಗೆಯಲಿಲ್ಲ ಅಂತಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು, ಜವಾಹರಲಾಲ್ ನೆಹರೂ, ಮೈಸೂರಿನವರೇ ಆಗಿಹೋದ ಸಾಹಿತಿ ಆರ್.ಕೆ. ನಾರಾಯಣ್ ಇಂಥವರೆಲ್ಲ ಅವರ ಕ್ಯಾಮೆರಾಕ್ಕೆ ಸಿಕ್ಕಿದ್ದಾರೆ. ಆದರೆ ಜನ ಅವರನ್ನು ಹೆಚ್ಚಾಗಿ ನೆನೆಯುವುದು ಹೆಸರಿಲ್ಲದವರ ಚಿತ್ರಗಳಿಗಾಗಿ. ಆಡುವ ಮಕ್ಕಳು, ಓದುವ ಮಕ್ಕಳು, ದುಡಿಯುವ ಮಕ್ಕಳು, ತಾಯಂದಿರು, ಮುದುಕಿಯರು, ಬೀದಿಯಲ್ಲಿ ನಡೆಯುವವರು. ಹೆಚ್ಚಿನವು ಕಪ್ಪು ಬಿಳುಪಿನವು. ನಿಂತುಕೋ, ನಗು, ಈ ಕಡೆ ತಿರುಗು ಅಂತ ಆಡಿಸುವುದಕ್ಕಿಂತ ಅವರವರ ಪಾಡಿಗೆ ಅವರು ಇರುವಾಗಲೇ ತೆಗೆಯುವುದು ಅವರಿಗೆ ಇಷ್ಟ. ಬಡವರ ಚಿತ್ರ ತೆಗೆದರೂ ಅಯ್ಯೋ ಪಾಪ ಅನ್ನಿಸುವ ಹಾಗೆ ತೆಗೆಯಲಿಲ್ಲ. ಬಡತನದ ಜೊತೆಗೆ ಆ ಮುಖದ ನಗು, ಹಟ, ಅಭಿಮಾನ ಇವೂ ಕಾಣುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಾಗಿಯೂ ಅವರು ಹಳ್ಳಿ ಹಳ್ಳಿ ಸುತ್ತಿದರು. ಸಿಡುಬು ಓಡಿಸುವ ಕೆಲಸವನ್ನು ಚಿತ್ರದಲ್ಲಿ ಹಿಡಿದರು. ನಮ್ಮ ಅಜ್ಜಿಯಂದಿರು ಅಮ್ಮ ಬಂದಿದೆ ಅಂತ ಹೇಳುತ್ತಿದ್ದರಲ್ಲ, ಅದೇ ಕಾಯಿಲೆ. ಆಗ ಆರೋಗ್ಯ ಕಾರ್ಯಕರ್ತರು ಸಿಡುಬು ಬಂದ ಮಗುವಿನ ಫೋಟೋ ಇರುವ ಕಾರ್ಡು ಹಿಡಿದು ಮನೆ ಮನೆಗೂ ಹೋಗಿ, ಇಂಥವರನ್ನು ನೋಡಿದ್ದೀರಾ ಅಂತ ವಿಚಾರಿಸುತ್ತಿದ್ದರು. ಓದು ಬಾರದವರಿಗೂ ಒಂದು ಮುಖದ ಚಿತ್ರ ಅರ್ಥವಾಗುತ್ತಿತ್ತು. 1975ರಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ಸಿಕ್ಕಿತು. 1980ರಲ್ಲಿ ಇಡೀ ಪ್ರಪಂಚದಿಂದಲೇ ಆ ರೋಗ ಹೋಯಿತು ಅಂತ ಘೋಷಣೆಯಾಯಿತು. ಫೋಟೋ ಅಂದರೆ ಬರೀ ಅಲಂಕಾರ ಅನ್ನುವವರು ಇದನ್ನು ನೆನಪಿಡಬೇಕು.

1977ರಲ್ಲಿ ಭಾರತ ಸರ್ಕಾರ ಸತ್ಯನ್ ಅವರಿಗೆ ಪದ್ಮಶ್ರೀ ಕೊಟ್ಟಿತು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಛೇರಿಯಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಯೋಚಿಸಿ ನೋಡಿ, ದೇಶ ದೇಶದ ರಾಯಭಾರಿಗಳು ಓಡಾಡುವ ಜಾಗದಲ್ಲಿ ನಮ್ಮಂಥ ಮಕ್ಕಳ ಮುಖಗಳು! ಒಂದು ಕಾಲಕ್ಕೆ ರಾಜರ ಚಿತ್ರಕ್ಕೆ ಮಾತ್ರ ಸಿಗುತ್ತಿದ್ದ ಜಾಗ ಅದು.

ಅವರು ಬರೀ ಚಿತ್ರ ತೆಗೆಯಲಿಲ್ಲ, ಚೆನ್ನಾಗಿ ಬರೆದರು ಕೂಡ. ಕನ್ನಡದಲ್ಲಿ ಅವರ ನೆನಪುಗಳ ಪುಸ್ತಕದ ಹೆಸರು ಕಾಲಕ್ಕೆ ಕನ್ನಡಿ. ಊರೂರು ಸುತ್ತಿದ ಮೇಲೆ ಮೈಸೂರಿಗೇ ಬಂದು ನೆಲೆಸಿದ್ದ ಅವರು 2009ರ ಡಿಸೆಂಬರ್ 13ರಂದು ಅಲ್ಲಿಯೇ ತೀರಿಕೊಂಡರು. ಇನ್ನು ಐದು ದಿನ ಕಳೆದಿದ್ದರೆ ಎಂಬತ್ತಾರು ತುಂಬುತ್ತಿತ್ತು.

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ. ಮುಖದ ಫೋಟೋ ನಮ್ಮ ಬದುಕಿನಲ್ಲಿ ಎಷ್ಟು ವೇಷ ಹಾಕುತ್ತದೆ ನೋಡಿ. ಪರೀಕ್ಷೆ ಅರ್ಜಿಗೆ ಪಾಸ್‌ಪೋರ್ಟ್ ಸೈಜಿನದ್ದು, ಹೆಣ್ಣು ಗಂಡು ನೋಡುವಾಗ ಕಳಿಸುವುದು, ಮದುವೆ ಆಲ್ಬಮ್ಮಿನದ್ದು, ಶಾಲೆಯ ಗುಂಪಿನದ್ದು. 1993ರಲ್ಲಿ ಚುನಾವಣಾ ಆಯೋಗ ಮತದಾರರಿಗೆ ಫೋಟೋ ಇರುವ ಗುರುತಿನ ಚೀಟಿ ಕೊಡುವ ಆದೇಶ ಮಾಡಿತು. ಆಮೇಲೆ ಆಧಾರ್ ಕಾರ್ಡು ಬಂತು. ಕೊನೆಗೆ ಮನುಷ್ಯ ಹೋದ ಮೇಲೆ ಕಟ್ಟು ಹಾಕಿಸಿ, ಹಾರ ಹಾಕಿ ಗೋಡೆಗೆ ತೂಗುಹಾಕುವ ಫೋಟೋ.

ನಮ್ಮ ಕಡೆ ಎಷ್ಟೋ ಬಡ ಮನೆಗಳಲ್ಲಿ, ತೋಟದ ಲೈನ್ ಮನೆಗಳಲ್ಲಿ, ಅಜ್ಜ ಅಜ್ಜಿಯ ಬೇರೆ ಫೋಟೋ ಇರುವುದೇ ಇಲ್ಲ. ಅವರು ತೀರಿಕೊಂಡ ಮೇಲೆ ಗುರುತಿನ ಚೀಟಿಯ ಫೋಟೋವನ್ನೇ ಪೇಟೆಗೆ ಒಯ್ದು ದೊಡ್ಡದು ಮಾಡಿಸುತ್ತಾರೆ. ಸರತಿಯಲ್ಲಿ ನಿಲ್ಲಿಸಿ ಅವಸರದಲ್ಲಿ ತೆಗೆದ ಮಂಕಾದ ಮುಖ ಅದು. ಅರವತ್ತು ಎಪ್ಪತ್ತು ವರ್ಷ ಮಳೆಯಲ್ಲಿ, ಜಿಗಣೆಯ ನಡುವೆ ದುಡಿದವರ ನೆನಪಿಗೆ ಉಳಿಯುವುದು ಅದೊಂದೇ. ಮೊಮ್ಮಕ್ಕಳಿಗೆ ಅಜ್ಜಿ ನಗುತ್ತಿದ್ದದ್ದು ಹೇಗೆ ಅಂತ ಗೊತ್ತಾಗುವುದೇ ಇಲ್ಲ.

ಇನ್ನು ಇರುವ ಫೋಟೋಗಳಿಗೆ ನಮ್ಮ ಮಳೆಗಾಲವೇ ಶತ್ರು. ಹಳೇ ಫೋಟೋ, ನೆಗೆಟಿವ್‌ಗಳ ಮೇಲೆ ಜೆಲಟಿನ್ ಎಂಬ ಅಂಟಿನ ಪದರ ಇರುತ್ತದೆ. ಥಂಡಿಯಲ್ಲಿ ಬೂಷ್ಟು ಅದನ್ನೇ ತಿಂದು ಬೆಳೆಯುತ್ತದೆ. ಗಾಜಿಗೆ ಒತ್ತಿಕೊಂಡಿರುವ ಫೋಟೋ ನೀರು ತಾಗಿದರೆ ಗಾಜಿಗೇ ಅಂಟಿಕೊಂಡು, ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ.

ಅದಕ್ಕೆ ಗೆಳೆಯರೇ, ಸತ್ಯನ್ ಅವರನ್ನು ನೆನೆಯುವುದಕ್ಕೆ ಮೂರು ಕೆಲಸ ಮಾಡೋಣ. ಒಂದು, ಮನೆಯಲ್ಲಿರುವ ಹಳೇ ಫೋಟೋ ತೆಗೆದು, ಅದರಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಅಂತ ಹಿರಿಯರನ್ನು ಕೇಳಿ ಹಿಂಭಾಗದಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಬರೆಯೋಣ. ಪೆನ್ನಿನ ಶಾಯಿ ಇಳಿದು ಮುಂದಕ್ಕೆ ಬರಬಹುದು, ಬೇಡ. ಎರಡು, ಮಳೆಗಾಲಕ್ಕೆ ಮುಂಚೆ ಅವನ್ನು ಥಂಡಿ ಗೋಡೆಯಿಂದ ಇಳಿಸಿ ಒಣ ಜಾಗದಲ್ಲಿ ಇಡೋಣ. ಮೂರು, ಮನೆಯಲ್ಲಿ ಯಾರದ್ದಾದರೂ ಮೊಬೈಲ್ ಇದ್ದರೆ ನಮ್ಮ ಮುಖ ಬಿಟ್ಟು ಅಜ್ಜಿಯ ಮುಖ ತೆಗೆಯೋಣ. ಬೇಡ ಅಂದರೆ ಒತ್ತಾಯ ಮಾಡುವುದು ಬೇಡ. ಒಪ್ಪಿದರೆ ಅವರು ಅಕ್ಕಿ ಆರಿಸುವಾಗ, ಎಲೆ ಅಡಿಕೆ ಹಾಕುವಾಗ, ಕಣದಲ್ಲಿ ಕಾಫಿ ಹರಡುವಾಗ ಬಾಗಿಲ ಬೆಳಕಿನಲ್ಲಿ ಅವರ ಕಣ್ಣಿನ ಮಟ್ಟಕ್ಕೆ ಕೂತು ತೆಗೆಯೋಣ.

ಮುಖಕ್ಕೆ ಮರ್ಯಾದೆ ಕೊಡುವುದಕ್ಕೆ ದೊಡ್ಡ ಕ್ಯಾಮೆರಾ ಬೇಕಾಗಿಲ್ಲ. ಅಜ್ಜಿ ಇರುವಾಗಲೇ ತೆಗೆಯಬೇಕು, ಅಷ್ಟೇ.