ಮಾಳದ ಮನೆತನದ ಮಗಳು ಪಂಡಿತಾ ರಮಾಬಾಯಿ: ಪುಸ್ತಕ ಮಾರಿ ದಾರಿಖರ್ಚು, ಕೊನೆಗೆ ಸ್ವಂತ ಪ್ರೆಸ್

ಕಾರ್ಕಳ: ಬಜಗೋಳಿ, ಮಾಳ ದಾಟಿ ಕುದುರೆಮುಖದ ಕಡೆ ಘಾಟಿ ಹತ್ತುವವರಿಗೆ ಗಂಗಾಮೂಲ ಹೊಸದಲ್ಲ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಅದು ಅಂತ ಮಕ್ಕಳಿಗೂ ಗೊತ್ತು. ಅದೇ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಹುಟ್ಟಿದ ಒಬ್ಬ ಹೆಣ್ಣುಮಗಳು ಮುಂದೆ ಕಲ್ಕತ್ತಾ, ಲಂಡನ್, ಅಮೆರಿಕ ಎಲ್ಲ ಕಡೆ ಹೆಸರು ಮಾಡಿದರು ಅನ್ನೋದು ಮಾತ್ರ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಅವರೇ ಪಂಡಿತಾ ರಮಾಬಾಯಿ.

ಅವರನ್ನು ಕೆಲವರು ಸಮಾಜ ಸುಧಾರಕಿ ಅಂತಾರೆ, ಕೆಲವರು ಮತಾಂತರಗೊಂಡವರು ಅಂತ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಅವರ ಜೀವನದ ಇನ್ನೊಂದು ಮುಖ ಪುಸ್ತಕದ್ದು. ಪುಸ್ತಕ ಬರೆದು, ಮಾರಿ, ಆ ದುಡ್ಡಿನಲ್ಲೇ ಮುಂದಿನ ದಾರಿ ಮಾಡಿಕೊಂಡ ಹೆಂಗಸು ಅವರು. ಕೊನೆಗೆ ಸ್ವಂತ ಮುದ್ರಣಾಲಯವನ್ನೇ ಕಟ್ಟಿಸಿದರು.

ಹೆಂಡತಿಗೆ ಸಂಸ್ಕೃತ ಕಲಿಸಿದ ಶಾಸ್ತ್ರಿಗಳು

ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಮಾಳದ ಚಿತ್ಪಾವನ ಮನೆತನದವರು. ಪುಣೆಯಲ್ಲಿ ಓದಿದ ದೊಡ್ಡ ವಿದ್ವಾಂಸರು. ಪೇಶ್ವೆಯ ಅರಮನೆಯಲ್ಲಿ ಹೆಂಗಸರೂ ಸಂಸ್ಕೃತ ಓದುವುದನ್ನು ನೋಡಿದ್ದ ಅವರು, ತಮ್ಮ ಹೆಂಡತಿ ಲಕ್ಷ್ಮೀಬಾಯಿಗೂ ಕಲಿಸಬೇಕು ಅಂತ ಹೊರಟರು. ಆ ಕಾಲಕ್ಕೆ ಅದು ದೊಡ್ಡ ಅಪರಾಧ. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಹೆಂಗಸಿಗೆ ಓದಿಸುವುದು ಶಾಸ್ತ್ರಕ್ಕೆ ವಿರುದ್ಧ ಅಲ್ಲ ಅಂತ ಶಾಸ್ತ್ರಗಳನ್ನೇ ತೋರಿಸಿ ವಾದ ಮಾಡಿದರು. ಊರಿನ ಕಿರಿಕಿರಿ ಬೇಡ ಅಂತ ಕೊನೆಗೆ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿ, ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಪಾಠ ಹೇಳಿದರು.

ಬಂದ ಯಾತ್ರಿಕರಿಗೆಲ್ಲ ಊಟ ಹಾಕಿ ಹಾಕಿ ಕೈಯಲ್ಲಿದ್ದದ್ದು ಖಾಲಿಯಾಯ್ತು, ಸಾಲವೂ ಆಯ್ತು. ರಮಾಬಾಯಿಗೆ ಆರು ತಿಂಗಳಾಗಿದ್ದಾಗ ಇಡೀ ಕುಟುಂಬ ಮನೆ ಬಿಟ್ಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ತಲೆಮೇಲೆ ಹೊತ್ತುಕೊಂಡು ಘಾಟಿ ಇಳಿಸಿದರು.

ಅಲ್ಲಿಂದ ಶುರುವಾದದ್ದು ಊರೂರು ತಿರುಗಾಟ. ದೇವಸ್ಥಾನದ ಜಗಲಿಯಲ್ಲಿ ಕೂತು ಪುರಾಣ ಓದೋದು, ಕೇಳುವವರು ಇಡುವ ಕಾಸು, ಅಕ್ಕಿ, ಹಣ್ಣಿನಲ್ಲಿ ಜೀವನ ಮಾಡೋದು. ಮಗಳಿಗೆ ಅಮ್ಮನೇ ಗುರು. ಭಾಗವತದ ಸಾವಿರಾರು ಶ್ಲೋಕಗಳು ಚಿಕ್ಕ ವಯಸ್ಸಿಗೇ ಬಾಯಿಪಾಠ ಆದವು. ತಿರುಗಾಟದಲ್ಲಿ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ, ಬಂಗಾಳಿಯೂ ಬಂದವು.

1870ರ ದಶಕದ ಬರ ಇವರನ್ನೂ ಬಿಡಲಿಲ್ಲ. 1874ರಲ್ಲಿ ತಂದೆ ತೀರಿಕೊಂಡರು. ಸ್ವಲ್ಪ ದಿನಕ್ಕೆ ಅಮ್ಮ, ಆಮೇಲೆ ಅಕ್ಕ. ಉಳಿದದ್ದು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಹಸಿವು, ಚಳಿ ತಡೆದುಕೊಂಡು ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ತಲುಪಿದರು. ಅಲ್ಲಿಯ ಪಂಡಿತರು ಇಪ್ಪತ್ತು ವರ್ಷದ ಈ ಹುಡುಗಿಯನ್ನು ಪರೀಕ್ಷೆ ಮಾಡಿ, ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು.

ಮೊದಲ ಪುಸ್ತಕ, ಹಡಗಿನ ಖರ್ಚು

1880ರಲ್ಲಿ ಅಣ್ಣನೂ ಹೋದರು. ಅದೇ ವರ್ಷ ರಮಾಬಾಯಿ ಬೇರೆ ಜಾತಿಯ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅವರನ್ನು ಮದುವೆಯಾದರು. ಮಗಳು ಮನೋರಮಾ ಹುಟ್ಟಿ ವರ್ಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು.

23 ವರ್ಷದ ವಿಧವೆ, ಕೈಯಲ್ಲಿ ಹಸುಗೂಸು. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಸರ್ಕಾರದ ಹಂಟರ್ ಆಯೋಗದ ಮುಂದೆ ಹೋಗಿ ನಮ್ಮ ಹೆಂಗಸರಿಗೆ ಹೆಂಗಸು ಡಾಕ್ಟರು, ಹೆಂಗಸು ಟೀಚರು ಬೇಕು ಅಂತ ಹೇಳಿದರು. ತಾವೇ ಡಾಕ್ಟರಿಕೆ ಓದಬೇಕು ಅಂತ ಇಂಗ್ಲೆಂಡಿಗೆ ಹೋಗುವ ಆಸೆ. ದುಡ್ಡು ಎಲ್ಲಿಂದ?

ಆಗ ಬರೆದದ್ದು ಮರಾಠಿಯ ಸ್ತ್ರೀಧರ್ಮನೀತಿ. ಹೆಂಗಸರು ಓದು ಕಲಿತು ತಮ್ಮ ಕಾಲ ಮೇಲೆ ನಿಲ್ಲಬೇಕು ಅಂತ ಬುದ್ಧಿ ಹೇಳುವ ಪುಸ್ತಕ. 1882ರಲ್ಲಿ ಅಚ್ಚಾಯ್ತು. ಅದರ ಮಾರಾಟದ ಹಣ ಪ್ರಯಾಣಕ್ಕೆ ಆಯ್ತು. 1883ರಲ್ಲಿ ಮಗಳನ್ನು ಎತ್ತಿಕೊಂಡು ಹಡಗು ಹತ್ತಿದರು. ಪುರಾಣ ಓದಿ ಅಕ್ಕಿ ಕಾಸು ಪಡೆದಿದ್ದ ಮನೆಯ ಮಗಳು ಈಗ ತಾನೇ ಬರೆದ ಮಾತಿಗೆ ಬೆಲೆ ಪಡೆದಿದ್ದರು.

ಎರಡೂ ಕಡೆ ವಿರೋಧ

ಇಂಗ್ಲೆಂಡಿನ ವಾಂಟೇಜ್ ಊರಿನ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿ ಇದ್ದರು. 1883ರ ಸೆಪ್ಟೆಂಬರ್ 29ರಂದು ಮಗಳ ಜೊತೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಸುದ್ದಿ ಇಲ್ಲಿಗೆ ಬಂದಾಗ ಹೊಗಳಿದ್ದ ಎಷ್ಟೋ ಮಂದಿ ತಿರುಗಿಬಿದ್ದರು. ಕಿವಿ ಮಂದ ಆಗಿದ್ದರಿಂದ ಡಾಕ್ಟರಿಕೆಯ ಆಸೆಯೂ ಅಲ್ಲಿಗೇ ನಿಂತಿತು.

ಚರ್ಚಿನ ಹಿರಿಯರ ಜೊತೆಗೂ ಹೊಂದಾಣಿಕೆ ಸುಲಭ ಇರಲಿಲ್ಲ. ರಮಾಬಾಯಿ ಗಂಡು ಹುಡುಗರಿಗೆ ಪಾಠ ಹೇಳುವ ಮಾತು ಬಂದಾಗ ಭಾರತದಲ್ಲಿದ್ದ ಬಿಷಪ್‌ಗಳು ಬೇಡ ಅಂದರು. ಅಮ್ಮ ಕಲಿಯಬಾರದು ಅಂತ ಊರಿನವರು ಅಂದಿದ್ದರು, ಮಗಳು ಕಲಿಸಬಾರದು ಅಂತ ಇವರು. ನಂಬಿಕೆಯ ವಿಷಯದಲ್ಲಿ ತಮ್ಮ ಮನಸ್ಸಾಕ್ಷಿಯೇ ಮೇಲು ಅಂತ ಅವರು ಇಬ್ಬರಿಗೂ ಒಂದೇ ಉತ್ತರ ಕೊಟ್ಟರು.

1886ರಲ್ಲಿ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದರು. ಸಂಬಂಧಿ ಆನಂದಿಬಾಯಿ ಜೋಶಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು ಹೋದವರು ಎರಡು ವರ್ಷಕ್ಕೂ ಮೇಲೆ ಅಲ್ಲೇ ಉಳಿದರು. 1887ರಲ್ಲಿ ಮೇಲ್ಜಾತಿಯ ಹಿಂದೂ ಹೆಂಗಸರ ಪಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಅಲ್ಲೇ ಅಚ್ಚು ಹಾಕಿಸಿದರು. ಅರ್ಪಣೆ ಗಂಗಾಮೂಲದ ಕಾಡಿನಲ್ಲಿ ತನ್ನನ್ನು ಹೆತ್ತ, ಅಕ್ಷರ ಕಲಿಸಿದ ಅಮ್ಮನಿಗೆ. ಊರೂರಿಗೆ ಹೋಗಿ ಭಾಷಣ ಮಾಡಿದರು, ಪುಸ್ತಕ ಸಾವಿರಾರು ಪ್ರತಿ ಹೋಯಿತು. ಬಾಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿ, ಹತ್ತು ವರ್ಷ ಹಣ ಕೊಡುವ ಭರವಸೆ ಸಿಕ್ಕಿತು.

ಆ ಬಲದಿಂದ 1889ರ ಮಾರ್ಚ್ 11ರಂದು ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಶುರುವಾಯ್ತು, ಮರುವರ್ಷ ಪುಣೆಗೆ ಹೋಯಿತು. ಅಲ್ಲಿ ಹುಡುಗಿಯರನ್ನು ಮತಾಂತರಕ್ಕೆ ಎಳೀತಾರೆ ಅಂತ ಗಲಾಟೆ ಎದ್ದಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ಎಷ್ಟೋ ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಯಾರ ಮೇಲೂ ಒತ್ತಾಯ ಇಲ್ಲ, ನನ್ನ ಪ್ರಾರ್ಥನೆಯ ಬಾಗಿಲನ್ನೂ ಮುಚ್ಚುವುದಿಲ್ಲ ಅನ್ನುವುದು ರಮಾಬಾಯಿ ನಿಲುವು. ಈ ವಾದ ಇವತ್ತಿಗೂ ಮುಗಿದಿಲ್ಲ.

ಕೇಡಗಾಂವ್‌ನ ಪ್ರೆಸ್

ಪುಣೆಯಿಂದ ಸುಮಾರು 60 ಕಿ.ಮೀ. ದೂರದ ಕೇಡಗಾಂವ್‌ನಲ್ಲಿ ಅವರು ಜಾಗ ತೆಗೆದುಕೊಂಡಿದ್ದರು. 1896-97ರ ಬರಗಾಲದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆತಂದರು. ತಾವೇ ಬರದಲ್ಲಿ ಹೆತ್ತವರನ್ನು ಕಳೆದುಕೊಂಡಿದ್ದವರು. ಅದೇ ಮುಕ್ತಿ ಸದನ. 1900ರ ಹೊತ್ತಿಗೆ ಅಲ್ಲಿದ್ದವರು ಸಾವಿರ ಮೀರಿದ್ದರು.

ಇಷ್ಟು ಜನಕ್ಕೆ ಊಟ ಹಾಕಿದರೆ ಸಾಲದು, ಕೈಗೆ ಕೆಲಸ ಬೇಕು. ಬೇಸಾಯ, ನೇಯ್ಗೆ, ಹೊಲಿಗೆ, ಹೈನುಗಾರಿಕೆ ಜೊತೆಗೆ ಪ್ರೆಸ್ ಕೂಡ ಬಂತು. ಊರು ಹೊರಗೆ ಹಾಕಿದ್ದ ವಿಧವೆಯರು, ಓದೇ ಬಾರದಿದ್ದ ಹುಡುಗಿಯರು ಮೊಳೆ ಜೋಡಿಸುವುದು, ಅಚ್ಚು ಹಾಕುವುದು, ಬೈಂಡಿಂಗ್ ಮಾಡುವುದು ಕಲಿತರು. 1907ರಲ್ಲಿ ರಮಾಬಾಯಿ ತಮ್ಮ ಆತ್ಮಕಥನ ಬರೆದಾಗ ಅದು ಅಚ್ಚಾದದ್ದು ಇದೇ ಪ್ರೆಸ್ಸಿನಲ್ಲಿ. ಬೇರೆ ಪ್ರಕಾಶಕರ ಬಾಗಿಲಿಗೆ ಹೋಗುವ ಅಗತ್ಯವೇ ಇರಲಿಲ್ಲ.

ಕೊನೆಯ ದೊಡ್ಡ ಕೆಲಸ ಬೈಬಲ್ಲಿನ ಮರಾಠಿ ಅನುವಾದ. ಆಗ ಇದ್ದ ಮರಾಠಿ ಬೈಬಲ್ಲಿನಲ್ಲಿ ಸಂಸ್ಕೃತ ಪದ ಜಾಸ್ತಿ, ಹಳ್ಳಿ ಹೆಂಗಸಿಗೆ ಅರ್ಥ ಆಗೋದಿಲ್ಲ ಅನ್ನೋದು ಅವರ ಚಿಂತೆ. ಸಂಸ್ಕೃತದಲ್ಲೇ ಬೆಳೆದ ಪಂಡಿತೆಯೇ ಆಡುಮಾತಿಗೆ ಇಳಿದರು. ಮೂಲದಿಂದಲೇ ತರಬೇಕು ಅಂತ ನಲವತ್ತು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತರು. ಸುಮಾರು ಹದಿನೆಂಟು ವರ್ಷ ಈ ಕೆಲಸದಲ್ಲೇ ಕಳೆದರು.

ಈ ನಡುವೆ ಅವರ ಕೆಲಸ ಕರ್ನಾಟಕದ ಕಡೆಗೂ ಬಂದಿತ್ತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ಶಾಲೆ ತೆರೆದರು, ಅದನ್ನು ನೋಡಿಕೊಂಡವರು ಮಗಳು ಮನೋರಮಾ. ತಾಯಿಯ ನಂತರ ಎಲ್ಲವನ್ನೂ ಹೊರಬೇಕಿದ್ದ ಆ ಮಗಳು 1921ರ ಜುಲೈನಲ್ಲಿ ತೀರಿಕೊಂಡರು. ಒಬ್ಬೊಬ್ಬರನ್ನಾಗಿ ಮನೆಯವರನ್ನೆಲ್ಲ ಕಳೆದುಕೊಂಡ ರಮಾಬಾಯಿ ಪ್ರೂಫ್ ತಿದ್ದುವ ಕೆಲಸ ಮಾತ್ರ ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು. ಆಗ 63 ವರ್ಷ.

ಪೂರ್ತಿ ಬೈಬಲ್ 1924ರಲ್ಲಿ ಹೊರಬಂತು. ಬರೆದವರು ಅದನ್ನು ಕೈಯಲ್ಲಿ ಹಿಡಿದು ನೋಡಲಿಲ್ಲ. ಆದರೆ ಅದರ ಒಂದೊಂದು ಮೊಳೆ ಜೋಡಿಸಿದ್ದು ಅವರು ಸಾಕಿ, ಅಕ್ಷರ ಕಲಿಸಿದ ಹೆಣ್ಣುಮಕ್ಕಳು. 1989ರಲ್ಲಿ ಭಾರತ ಸರ್ಕಾರ ರಮಾಬಾಯಿ ಅವರ ಅಂಚೆಚೀಟಿ ತಂದಿತು. ಕೇಡಗಾಂವ್‌ನ ಮುಕ್ತಿ ಮಿಷನ್ ಇವತ್ತಿಗೂ ನಡೀತಾ ಇದೆ.

ಅವರ ಮತದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಕಥೆ ಶುರುವಾದದ್ದು ಮಾಳದ ಒಬ್ಬ ಶಾಸ್ತ್ರಿಗಳು ಹೆಂಡತಿಗೆ ಓದಿಸಿದ್ದರಿಂದ. ನಮ್ಮ ತಾಲೂಕಿನ ಮಕ್ಕಳಿಗೆ ಇದನ್ನು ಹೇಳಬೇಕಾದವರು ನಾವೇ.