ಎರಿಕ್ ಎರಿಕ್‌ಸನ್: ಬಾಳಿನ ಎಂಟು ಘಟ್ಟಗಳನ್ನು ಗುರುತಿಸಿದ ಮನೋವಿಜ್ಞಾನಿ

ಬ್ಯಾಂಕಿನ ವರ್ಗಾವಣೆಯ ಆದೇಶ ಹಿಡಿದು ನೋಯ್ಡಾಕ್ಕೆ ಬಂದಿಳಿದ ನಮ್ಮಂಥವರ ಮನೆಗಳಲ್ಲಿ ಇಂದು ಮೂರು ತಲೆಮಾರುಗಳು ಒಟ್ಟಿಗಿವೆ. ಊರಿನ ಮನೆಗೆ ಬೀಗ ಹಾಕಿ ಬಂದು ಬಹುಮಹಡಿ ಕಟ್ಟಡದ ಬಾಲ್ಕನಿಯಲ್ಲಿ ಕುಳಿತ ಹಿರಿಯರು, ನಿವೃತ್ತಿಯ ದಿನಗಳನ್ನು ಎಣಿಸುತ್ತಿರುವ ನಾವು, ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುವ ಮಕ್ಕಳು. ತಾವು ಯಾರು, ಎಲ್ಲಿಯವರು ಎಂಬ ಪ್ರಶ್ನೆ ಎಲ್ಲರಲ್ಲಿಯೂ ಒಂದಲ್ಲ ಒಂದು ರೂಪದಲ್ಲಿ ಏಳುತ್ತದೆ. ಆ ಪ್ರಶ್ನೆಯನ್ನೇ ಜೀವನದ ಕಾಯಕವಾಗಿಸಿಕೊಂಡ ಎರಿಕ್ ಎರಿಕ್‌ಸನ್ ಅವರ ಬದುಕನ್ನು ಓದುಗರ ಮುಂದಿಡಲು ಬಯಸುತ್ತೇವೆ.

ಎರಿಕ್‌ಸನ್ ಜನಿಸಿದ್ದು 1902ರ ಜೂನ್ 15ರಂದು, ಜರ್ಮನಿಯ ಫ್ರಾಂಕ್‌ಫರ್ಟ್ ಸಮೀಪದಲ್ಲಿ. ತಾಯಿ ಡೆನ್ಮಾರ್ಕಿನ ಯಹೂದಿ ಮನೆತನದ ಕಾರ್ಲಾ. ಹೆತ್ತ ತಂದೆ ಯಾರೆಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ತಾಯಿ ಮರುಮದುವೆಯಾದ ಮಕ್ಕಳ ವೈದ್ಯ ಥಿಯೊಡೋರ್ ಹೊಂಬರ್ಗರ್ ಅವರನ್ನೇ ಬಾಲಕ ತಂದೆಯೆಂದು ನಂಬಿ ಬೆಳೆದ. ನೀಲಿ ಕಣ್ಣು, ಹೊಂಗೂದಲಿನ ಆ ಹುಡುಗನನ್ನು ಯಹೂದಿ ಮಂದಿರದಲ್ಲಿ ಪರಕೀಯನೆಂದು ಹಾಸ್ಯ ಮಾಡಿದರೆ, ಶಾಲೆಯಲ್ಲಿ ಯಹೂದಿಯೆಂದು ಹೀಯಾಳಿಸುತ್ತಿದ್ದರು.

ಕಾಲೇಜು ಪದವಿಯ ಗೊಡವೆಗೆ ಹೋಗದೆ ಚಿತ್ರಕಲೆಯ ಹಂಬಲದಲ್ಲಿ ಯುರೋಪನ್ನು ಸುತ್ತಿದ ಎರಿಕ್, 1927ರಲ್ಲಿ ಗೆಳೆಯನೊಬ್ಬನ ಕರೆಯ ಮೇರೆಗೆ ವಿಯೆನ್ನಾದ ಪುಟ್ಟ ಶಾಲೆಯೊಂದರಲ್ಲಿ ಶಿಕ್ಷಕರಾದರು. ಅಲ್ಲಿ ಸಿಗ್ಮಂಡ್ ಫ್ರಾಯ್ಡರ ಮಗಳು ಆನಾ ಫ್ರಾಯ್ಡರ ಬಳಿ ಮನೋವಿಶ್ಲೇಷಣೆಯ ತರಬೇತಿ ಪಡೆದರು. ಮಾಂಟೆಸರಿ ಪದ್ಧತಿಯನ್ನೂ ಕಲಿತರು. 1930ರಲ್ಲಿ ಜೋನ್ ಎಂಬ ನೃತ್ಯಗಾರ್ತಿಯನ್ನು ವರಿಸಿದರು. 1933ರಲ್ಲಿ ನಾಜಿಗಳ ನೆರಳು ದಟ್ಟವಾದಾಗ ಈ ದಂಪತಿಗಳು ಅಮೆರಿಕೆಗೆ ವಲಸೆ ಹೋದರು. 1939ರಲ್ಲಿ ಅಲ್ಲಿನ ಪೌರತ್ವ ಪಡೆಯುವಾಗ ಅವರು ಎರಿಕ್‌ಸನ್, ಅಂದರೆ ಎರಿಕನ ಮಗ, ಎಂಬ ಕುಲನಾಮವನ್ನು ಇಟ್ಟುಕೊಂಡರು.

1950ರಲ್ಲಿ ಪ್ರಕಟವಾದ ಬಾಲ್ಯ ಮತ್ತು ಸಮಾಜವನ್ನು ಕುರಿತ ಗ್ರಂಥ ಅವರಿಗೆ ಕೀರ್ತಿ ತಂದಿತು. ಫ್ರಾಯ್ಡರು ಬಾಲ್ಯಕ್ಕೇ ಹೆಚ್ಚಿನ ಮಹತ್ವ ಕೊಟ್ಟರೆ, ಬೆಳವಣಿಗೆ ಕೊನೆಯುಸಿರಿನವರೆಗೂ ಸಾಗುತ್ತದೆಂದು ಎರಿಕ್‌ಸನ್ ಪ್ರತಿಪಾದಿಸಿದರು. ಅವರು ಗುರುತಿಸಿದ ಎಂಟು ಘಟ್ಟಗಳಲ್ಲಿ ಪ್ರತಿಯೊಂದರಲ್ಲಿಯೂ ಒಂದು ಒಳಗಿನ ಹೋರಾಟವಿದೆ. ಹಸುಗೂಸು ತಾಯಿಯ ಮಡಿಲಿನಲ್ಲಿ ನಂಬಿಕೆಯನ್ನು ಕಲಿಯುತ್ತದೆ. ಅನಂತರ ಸ್ವಾತಂತ್ರ್ಯ, ಉಪಕ್ರಮ, ದುಡಿಮೆಯ ಹುರುಪು ಕ್ರಮವಾಗಿ ಮೂಡಬೇಕು. ಹದಿಹರೆಯದ ಕೆಲಸ ತನ್ನತನವನ್ನು ಕಂಡುಕೊಳ್ಳುವುದು, ತಾರುಣ್ಯದ್ದು ಆಪ್ತತೆ. ನಡುವಯಸ್ಸಿನಲ್ಲಿ ಮುಂದಿನ ಪೀಳಿಗೆಯನ್ನು ಪೋಷಿಸದವನು ನಿಂತ ನೀರಾಗುತ್ತಾನೆ. ಮುಪ್ಪಿನಲ್ಲಿ ಕಳೆದ ಬಾಳನ್ನು ಒಪ್ಪಿಕೊಂಡವರಿಗೆ ನೆಮ್ಮದಿ, ಉಳಿದವರಿಗೆ ಹತಾಶೆ. ಅನಂತಮೂರ್ತಿಯವರ ಸಂಸ್ಕಾರ ಕಾದಂಬರಿಯನ್ನು ಓದಿದವರಿಗೆ, ಹೊತ್ತು ಮೀರಿ ತನ್ನತನದ ಪ್ರಶ್ನೆಯನ್ನು ಎದುರಿಸುವ ಪ್ರಾಣೇಶಾಚಾರ್ಯರು ಇಲ್ಲಿ ನೆನಪಾಗದಿರರು.

ನಮ್ಮ ದೇಶಕ್ಕೂ ಅವರಿಗೂ ನಂಟಿದೆ. 1962ರಲ್ಲಿ ಜೀವನಚಕ್ರವನ್ನು ಕುರಿತ ವಿಚಾರಗೋಷ್ಠಿಗಾಗಿ ಅಹಮದಾಬಾದಿಗೆ ಬಂದ ಎರಿಕ್‌ಸನ್, 1918ರ ಗಿರಣಿ ಮುಷ್ಕರದ ನೆನಪುಗಳಿಂದ ಆಕರ್ಷಿತರಾದರು. ಗಾಂಧೀಜಿಯವರ ನಡುವಯಸ್ಸಿನ ಆ ಘಟನೆಯನ್ನು ಕೇಂದ್ರವಾಗಿಸಿ 1969ರಲ್ಲಿ ಅವರು ಹೊರತಂದ ಗ್ರಂಥಕ್ಕೆ ಪುಲಿಟ್ಜರ್ ಪ್ರಶಸ್ತಿ ಸಂದಿತು. ಅವರ ಪ್ರಭಾವದಿಂದ ಮನೋವಿಶ್ಲೇಷಣೆಯತ್ತ ಹೊರಳಿ, ಮುಂದೆ ದೆಹಲಿಯಲ್ಲಿ ವೃತ್ತಿ ನಡೆಸಿದ ಸುಧೀರ್ ಕಾಕರ್, ನಮ್ಮ ಆಶ್ರಮಗಳ ವ್ಯವಸ್ಥೆಯನ್ನು ಈ ಘಟ್ಟಗಳೊಂದಿಗೆ ಹೋಲಿಸಿ ಬರೆದರು.

ಗಾಂಧೀಜಿ ಆಪ್ತರೊಡನೆ ತೋರಿದ ಕಠೋರತೆಯನ್ನು ಆ ಗ್ರಂಥದಲ್ಲಿ ಎರಿಕ್‌ಸನ್ ನೇರವಾಗಿಯೇ ಆಕ್ಷೇಪಿಸಿದ್ದಾರೆ. ಆದರೆ ಅವರದೇ ಮನೆಯಲ್ಲಿ ಒಂದು ಗುಟ್ಟಿತ್ತು. 1944ರಲ್ಲಿ ಅವರಿಗೆ ನೀಲ್ ಎಂಬ ಮಗ ಡೌನ್ ಸಿಂಡ್ರೋಮ್‌ನೊಂದಿಗೆ ಹುಟ್ಟಿದ. ಕೂಸನ್ನು ಮನೆಗೆ ತರದೆ ಪಾಲನಾ ಸಂಸ್ಥೆಗೆ ಒಪ್ಪಿಸಲಾಯಿತು. ಹಿರಿಯ ಮಕ್ಕಳಿಗೆ, ಕೂಸು ಹುಟ್ಟಿದೊಡನೆ ತೀರಿಕೊಂಡಿತೆಂದು ಹೇಳಿದರು. ತನ್ನ ತಂದೆಯ ವಿಷಯದಲ್ಲಿ ಸುಳ್ಳು ಕೇಳಿ ಬೆಳೆದವರೇ ತಮ್ಮ ಮಕ್ಕಳಿಗೂ ಸುಳ್ಳು ಹೇಳಿದರು. ನಂಬಿಕೆಯೇ ಬಾಳಿನ ಮೊದಲ ಮೆಟ್ಟಿಲೆಂದು ಬರೆದವರ ಮನೆಯಲ್ಲಿ ಹೀಗಾಯಿತೆಂಬುದು ನಮ್ಮನ್ನು ಬಹುಕಾಲ ಕಾಡಿತು. ಅಂಥ ಮಕ್ಕಳನ್ನು ಮನೆಯಿಂದ ದೂರವಿಡುವಂತೆ ಅಂದಿನ ವೈದ್ಯರು ಸಾಮಾನ್ಯವಾಗಿ ಸಲಹೆ ನೀಡುತ್ತಿದ್ದರೆಂಬುದನ್ನೂ ಮರೆಯಲಾಗದು. ಆದರೂ ಈ ಸಂಗತಿ ವ್ಯಾಪಕವಾಗಿ ತಿಳಿದದ್ದು 1999ರಲ್ಲಿ ಅವರ ಜೀವನಚರಿತ್ರೆ ಪ್ರಕಟವಾದ ಮೇಲೆಯೇ.

ಎರಿಕ್‌ಸನ್ 1994ರ ಮೇ 12ರಂದು ನಿಧನರಾದರು. ತೊಂಬತ್ತರ ವಯಸ್ಸಿನಲ್ಲಿದ್ದ ಜೋನ್, ಎಂಟು ಘಟ್ಟಗಳಿಗೆ ಒಂಬತ್ತನೆಯದೊಂದನ್ನು ಸೇರಿಸಿದರು. ಇಳಿವಯಸ್ಸಿನಲ್ಲಿ ದೇಹ ಸೋತಾಗ ಹಿಂದೆ ಗೆದ್ದ ಹೋರಾಟಗಳೆಲ್ಲ ಮತ್ತೆ ಎದುರಾಗುತ್ತವೆಂದು ಅವರು ಕಂಡುಕೊಂಡಿದ್ದರು.

ಎರಿಕ್‌ಸನ್‌ರ ಘಟ್ಟಗಳು ಪಾಶ್ಚಾತ್ಯ ಪುರುಷನ ಬದುಕಿಗೇ ಹೆಚ್ಚು ಹೊಂದುತ್ತವೆಂಬ ಟೀಕೆಯುಂಟು. ಅದೇನೇ ಇರಲಿ, ನಮಗೆ ಕಂಡ ಹುರುಳು ಒಂದಿದೆ. ನಡುವಯಸ್ಸಿನ ನಾವು ಠೇವಣಿಯ ಲೆಕ್ಕದಲ್ಲಿಯೇ ಮುಳುಗದೆ ಮಕ್ಕಳಿಗೆ ನುಡಿಯನ್ನೂ ಸಮಯವನ್ನೂ ಕೊಡಬೇಕು. ಬಾಲ್ಕನಿಯಲ್ಲಿ ಕುಳಿತ ಹಿರಿಯರನ್ನು ಮಕ್ಕಳ ಬಳಿ ಕರೆತಂದು ಅವರ ಊರಿನ ಕಥೆ ಹೇಳಿಸಬೇಕು. ಅದರಲ್ಲಿ ಮಕ್ಕಳಿಗೆ ತಾವು ಎಲ್ಲಿಯವರೆಂಬ ಅರಿವು ಸಿಕ್ಕೀತು. ಹಿರಿಯರಿಗೆ ತಾವು ಬಾಳಿದ್ದು ವ್ಯರ್ಥವಲ್ಲವೆಂಬ ಸಮಾಧಾನ ಸಿಕ್ಕೀತು. ಮನೆಯಲ್ಲಿ ಮುಚ್ಚಿಟ್ಟ ನೋವೇನಾದರೂ ಇದ್ದರೆ, ಅದನ್ನೂ ಹೊತ್ತು ಮೀರುವ ಮುನ್ನ ಹೇಳಿಬಿಡುವುದು ಲೇಸು.