ಹ್ಯಾಂಡ್ಸ್ ಪಾದ್ರಿಯವರೂ ಮನೆಯ ಪಾಠವೂ

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಪಾದ್ರಿಯವರು 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡವನ್ನು ಕಲಿತು, ಹುಡುಗರಿಗಾಗಿ ಶಾಲೆಗಳನ್ನು ತೆರೆದರು. ಆ ಕಾಲದಲ್ಲಿ ಸಿರುಗುಪ್ಪದ ರೈತನ ಮಗನು ಗದ್ದೆಯಲ್ಲಿಯೂ ನೇಕಾರನ ಮಗನು ಮಗ್ಗದ ಬಳಿಯಲ್ಲಿಯೂ ತಂದೆಯಿಂದಲೇ ಕಲಿಯುತ್ತಿದ್ದರು. ಶಾಲೆಗೆ ಕಳುಹಿಸಿದರೆ ಮನೆಯ ಕೆಲಸಕ್ಕೆ ಕೈ ಕಡಿಮೆ. ಪರದೇಶದವರ ಪಾಠದಿಂದ ಕುಲಾಚಾರವು ಕೆಡುವುದೆಂಬ ಭಯ ಬೇರೆ. ಆ ಭಯವನ್ನು ನೋಡಿ ನಗುವುದು ನ್ಯಾಯವಲ್ಲ. ಆದರೂ ಅಕ್ಷರವನ್ನರಿಯದ ತಂದೆಯು ಮಗನಿಗೆ ಅಕ್ಷರವನ್ನು ಹೇಗೆ ಕಲಿಸಿಯಾನು? ಕಲಿತು ಬಂದ ಹುಡುಗನಿಗಾದರೂ ಮನೆಯಲ್ಲಿ ಓದಲು ಪುಸ್ತಕವೆಲ್ಲಿ? ಅಚ್ಚಿನ ಕನ್ನಡ ಪುಸ್ತಕಗಳೇ ಆಗ ಅಪರೂಪವಾಗಿದ್ದವು. ಹ್ಯಾಂಡ್ಸ್‌ರವರು ಶಾಲೆಗಳಿಂದಲೇ ತೃಪ್ತರಾಗದೆ, ಅನೇಕ ವರುಷ ತಿದ್ದಿ ತಿದ್ದಿ ಸತ್ಯವೇದವನ್ನು ಕನ್ನಡಕ್ಕೆ ತಿರುಗಿಸಿದರು. ಸಂಪೂರ್ಣ ಗ್ರಂಥವು 1831ರಲ್ಲಿ ಬಳ್ಳಾರಿಯಲ್ಲಿಯೇ ಅಚ್ಚಾಯಿತು. ಹಗಲು ಶಾಲೆಯಲ್ಲಿ ಕಲಿತ ಮಗನು ರಾತ್ರಿ ದೀಪದ ಮುಂದೆ ತಂದೆತಾಯಿಗಳಿಗೆ ಓದಿ ಹೇಳುವುದಕ್ಕೆ ಹೀಗೆ ದಾರಿಯಾಯಿತು. ಪಾದ್ರಿಯವರು 1864ರಲ್ಲಿ ತೀರಿಕೊಂಡರು.